ಟೆಕ್ಸಾಸ್‌ನಲ್ಲಿ ಪಶು ಆಹಾರದ ದಾಸ್ತಾನಿಗೆ ಆಸ್ತಿ ತೆರಿಗೆ ವಿನಾಯಿತಿ: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ನವೆಂಬರ್ 4ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಮತದಾರರ ಮುಂದೆ ರಾಜ್ಯ ಸಂವಿಧಾನಕ್ಕೆ 17 ತಿದ್ದುಪಡಿಗಳ ಪ್ರಸ್ತಾವಗಳಿದ್ದವು. ಅವುಗಳಲ್ಲಿ ಐದನೆಯದು ಅಂಗಡಿಗಳಲ್ಲಿ ಮಾರಾಟಕ್ಕಿಟ್ಟ ಪಶು ಆಹಾರವನ್ನು ಆಸ್ತಿ ತೆರಿಗೆಯಿಂದ ಹೊರಗಿಡುವ ಪ್ರಸ್ತಾವ. ಎಲ್ಲ 17 ಪ್ರಸ್ತಾವಗಳಿಗೂ ಮತದಾರರ ಒಪ್ಪಿಗೆ ದೊರೆಯಿತು. ಪಶು ಆಹಾರದ ವಿನಾಯಿತಿಯ ಬಗ್ಗೆ ಅಲ್ಲಿ ನೆಲೆಸಿರುವ ಕನ್ನಡಿಗರು ಕೇಳುವ ಪ್ರಶ್ನೆಗಳಿಗೂ, ಇಲ್ಲಿಂದ ಕುತೂಹಲದಿಂದ ನೋಡುವವರು ಕೇಳುವ ಪ್ರಶ್ನೆಗಳಿಗೂ ಈ ಪುಟದಲ್ಲಿ ಉತ್ತರಗಳಿವೆ.

ಪ್ರಸ್ತಾವದಲ್ಲಿ ಇದ್ದದ್ದು ನಿಖರವಾಗಿ ಏನು?

ಮಾಲೀಕರು ಚಿಲ್ಲರೆ ಮಾರಾಟಕ್ಕೆಂದು ಇಟ್ಟುಕೊಂಡಿರುವ ಪಶು ಆಹಾರವನ್ನು, ಅದರ ಬೆಲೆಯ ಆಧಾರದ ಮೇಲೆ ವಿಧಿಸುವ ತೆರಿಗೆಯಿಂದ ಮುಕ್ತಗೊಳಿಸುವ ಅಧಿಕಾರವನ್ನು ರಾಜ್ಯ ಶಾಸಕಾಂಗಕ್ಕೆ ಕೊಡಬೇಕು ಎಂಬುದಷ್ಟೇ ಅದರ ತಿರುಳು. ಈ ತಿದ್ದುಪಡಿಯನ್ನು ಮತದಾರರ ಮುಂದಿಟ್ಟದ್ದು 89ನೇ ಶಾಸಕಾಂಗ ಅಂಗೀಕರಿಸಿದ 99ನೇ ಸಂಖ್ಯೆಯ ಜಂಟಿ ನಿರ್ಣಯ. ತಿದ್ದುಪಡಿ ತಾನಾಗಿಯೇ ಯಾರಿಗೂ ವಿನಾಯಿತಿ ಕೊಡುವುದಿಲ್ಲ, ವಿನಾಯಿತಿ ಕೊಡಲು ದಾರಿ ಮಾಡಿಕೊಡುತ್ತದೆ. ಆ ದಾರಿಯಲ್ಲಿ ನಡೆಯುವ ಕಾಯ್ದೆಯನ್ನು, ಅಂದರೆ 1399ನೇ ಸಂಖ್ಯೆಯ ಮಸೂದೆಯನ್ನು, ಅದೇ ಅಧಿವೇಶನದಲ್ಲಿ ಅಂಗೀಕರಿಸಿ, ಮತದಾರರು ತಿದ್ದುಪಡಿಯನ್ನು ಒಪ್ಪಿದರೆ ಮಾತ್ರ 2026ರ ಜನವರಿ 1ರಿಂದ ಜಾರಿಗೆ ಬರುವಂತೆ ಷರತ್ತು ಹಾಕಲಾಗಿತ್ತು.

ಅಂಗಡಿಯಲ್ಲಿರುವ ಸರಕಿನ ಮೇಲೆ ಆಸ್ತಿ ತೆರಿಗೆಯೇ?

ಹೌದು, ಮತ್ತು ನಮ್ಮ ಕಡೆಯವರಿಗೆ ಮೊದಲು ವಿಚಿತ್ರವೆನಿಸುವುದು ಇದೇ. ನಮ್ಮಲ್ಲಿ ಆಸ್ತಿ ತೆರಿಗೆ ಎಂದರೆ ನಿವೇಶನ, ಮನೆ, ಮಳಿಗೆ ಇವುಗಳಿಗೆ ಪಾಲಿಕೆಗೋ ಗ್ರಾಮ ಪಂಚಾಯಿತಿಗೋ ಕಟ್ಟುವ ಹಣ. ಟೆಕ್ಸಾಸ್‌ನಲ್ಲಿ ಸ್ಥಿರ ಆಸ್ತಿಯ ಜೊತೆಗೆ, ಆದಾಯ ಗಳಿಸಲು ಬಳಸುವ ಚರ ಆಸ್ತಿಗೂ ಈ ತೆರಿಗೆ ಬೀಳುತ್ತದೆ. ಕಾರ್ಖಾನೆಯ ಯಂತ್ರ, ಕಚೇರಿಯ ಮೇಜು ಕುರ್ಚಿ, ಗೋದಾಮಿನ ದಾಸ್ತಾನು, ಅಂಗಡಿಯ ಕಪಾಟಿನಲ್ಲಿರುವ ಸರಕು ಎಲ್ಲವೂ ಇದರೊಳಗೆ ಬರುತ್ತವೆ. ಮನೆಬಳಕೆಯ ಸಾಮಾನು ಮಾತ್ರ ಇದಕ್ಕೆ ಹೊರತು.

ಸಾಮಾನ್ಯವಾಗಿ ಪ್ರತಿ ವರ್ಷ ಜನವರಿ 1ರಂದು ಅಂಗಡಿಯಲ್ಲಿ ಎಷ್ಟು ಮೌಲ್ಯದ ಸರಕು ಇತ್ತೋ ಅದರ ಮೇಲೆ ಆ ವರ್ಷದ ತೆರಿಗೆ ನಿಗದಿಯಾಗುತ್ತದೆ. ಪಶು ಆಹಾರದ ವ್ಯಾಪಾರಿಗಳಿಗೆ ಈ ದಿನಾಂಕ ಅನುಕೂಲದ್ದಲ್ಲ. ಚಳಿಗಾಲದಲ್ಲಿ ಹುಲ್ಲುಗಾವಲು ಒಣಗಿ, ದನಗಳಿಗೆ ಕೊಂಡು ತಂದ ಮೇವು ಮತ್ತು ಹಿಂಡಿಯನ್ನೇ ಹೆಚ್ಚಾಗಿ ಹಾಕಬೇಕಾದ ಕಾಲ ಅದು. ಆ ಬೇಡಿಕೆಗೆಂದು ವ್ಯಾಪಾರಿ ಚೀಲಗಳನ್ನು ಪೇರಿಸಿಟ್ಟಿರುವ ಹೊತ್ತಿಗೇ ಮೌಲ್ಯಮಾಪನದ ದಿನವೂ ಬರುತ್ತದೆ.

ಇದು ರಾಜ್ಯದ ಆಸ್ತಿ ತೆರಿಗೆಯಿಂದ ವಿನಾಯಿತಿಯೋ, ಸ್ಥಳೀಯ ತೆರಿಗೆಯಿಂದಲೋ?

ಸ್ಥಳೀಯ ತೆರಿಗೆಯಿಂದ. ಟೆಕ್ಸಾಸ್‌ನಲ್ಲಿ ರಾಜ್ಯ ಸರ್ಕಾರದ ಆಸ್ತಿ ತೆರಿಗೆ ಎಂಬುದೇ ಇಲ್ಲ. ಸಂವಿಧಾನದ ಎಂಟನೇ ವಿಧಿ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ತೆರಿಗೆ ವಸೂಲಿ ಮಾಡುವವು ಕೌಂಟಿಗಳು (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು), ನಗರಾಡಳಿತಗಳು, ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಗಳು ಮತ್ತು ನೀರು, ಆಸ್ಪತ್ರೆ ಮೊದಲಾದ ಸೇವೆಗಳಿಗಾಗಿ ರಚಿಸಿದ ವಿಶೇಷ ಜಿಲ್ಲೆಗಳು. ಆದರೆ ಯಾವುದಕ್ಕೆ ತೆರಿಗೆ, ಯಾವುದಕ್ಕೆ ವಿನಾಯಿತಿ ಎಂಬ ನಿಯಮವನ್ನು ಬರೆಯುವುದು ರಾಜ್ಯ. ಹೀಗಾಗಿ ಔದಾರ್ಯದ ಹೆಸರು ರಾಜ್ಯಕ್ಕೆ, ಖೋತಾ ಊರಿನ ಬೊಕ್ಕಸಕ್ಕೆ ಎಂಬ ಆಕ್ಷೇಪ ಇಂಥ ಪ್ರತಿಯೊಂದು ಪ್ರಸ್ತಾವದ ಬೆನ್ನಿಗೂ ಬರುತ್ತದೆ, ಮತ್ತು ಅದರಲ್ಲಿ ಹುರುಳಿಲ್ಲದಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಸಂವಿಧಾನವನ್ನೇ ತಿದ್ದಬೇಕೇ?

ತಿದ್ದಲೇಬೇಕು. ರಾಜ್ಯದಲ್ಲಿರುವ ಎಲ್ಲ ಸ್ಥಿರ ಆಸ್ತಿಗೂ, ಮುಟ್ಟಿ ನೋಡಬಹುದಾದ ಎಲ್ಲ ಚರ ಆಸ್ತಿಗೂ ಮೌಲ್ಯಕ್ಕೆ ತಕ್ಕಂತೆ ತೆರಿಗೆ ವಿಧಿಸಬೇಕು, ಸಂವಿಧಾನವೇ ಕೊಟ್ಟ ಅಥವಾ ಕೊಡಲು ಅನುಮತಿಸಿದ ವಿನಾಯಿತಿಗಳು ಮಾತ್ರ ಇದಕ್ಕೆ ಅಪವಾದ ಎಂದು ಎಂಟನೇ ವಿಧಿ ಹೇಳುತ್ತದೆ. ಆದ್ದರಿಂದ ಶಾಸಕರು ತಾವಾಗಿ ಒಂದು ಚೀಲ ಹಿಂಡಿಯನ್ನೂ ತೆರಿಗೆಯಿಂದ ಬಿಡುವಂತಿಲ್ಲ. ಮೊದಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ಎಂದರೆ 150 ಸದಸ್ಯರ ಕೆಳಮನೆಯಲ್ಲಿ 100 ಮತ, 31 ಸದಸ್ಯರ ಸೆನೆಟ್‌ನಲ್ಲಿ 21 ಮತ. ಆಮೇಲೆ ಮತದಾರರ ಸರಳ ಬಹುಮತ ಬೇಕು. ರಾಜ್ಯಪಾಲರ ಸಹಿಗೆ ಇದರಲ್ಲಿ ಪಾತ್ರವಿಲ್ಲ. 1876ರಲ್ಲಿ ಜಾರಿಗೆ ಬಂದ ಆ ಸಂವಿಧಾನ ಈವರೆಗೆ 500ಕ್ಕೂ ಹೆಚ್ಚು ತಿದ್ದುಪಡಿ ಕಂಡಿರುವುದಕ್ಕೆ ಇಂಥ ಕಟ್ಟುನಿಟ್ಟುಗಳೂ ಒಂದು ಕಾರಣ.

ರೈತರಿಗೆ ಮೊದಲೇ ಎಷ್ಟೋ ವಿನಾಯಿತಿಗಳಿವೆಯಲ್ಲವೇ?

ಇವೆ, ಮತ್ತು ಈ ಪ್ರಸ್ತಾವ ಹುಟ್ಟಿದ್ದೇ ಅವುಗಳ ನಡುವೆ ಉಳಿದಿದ್ದ ಒಂದು ಬಿರುಕಿನಿಂದ. ಬೆಳೆದವರ ಕೈಯಲ್ಲೇ ಇರುವ ಕೃಷಿ ಉತ್ಪನ್ನ, ಜಾನುವಾರು, ಕೋಳಿ, ಹಾಗೂ ಮನೆ ಮತ್ತು ಹೊಲದ ಬಳಕೆಗೆಂದು ಕುಟುಂಬ ಇಟ್ಟುಕೊಂಡ ಸರಕು, ಇವೆಲ್ಲಕ್ಕೂ ಸಂವಿಧಾನದಲ್ಲೇ ವಿನಾಯಿತಿ ಇದೆ. ಟ್ರ್ಯಾಕ್ಟರ್, ಕಟಾವು ಯಂತ್ರ ಮುಂತಾದ ಬೇಸಾಯದ ಸಲಕರಣೆಗಳಿಗೂ ಆಸ್ತಿ ತೆರಿಗೆ ಇಲ್ಲ. ಹೊಲ ಮತ್ತು ಹುಲ್ಲುಗಾವಲಿಗೆ ತೆರಿಗೆ ಇದ್ದರೂ, ಮಾರುಕಟ್ಟೆ ಬೆಲೆಯ ಬದಲು ಆ ಭೂಮಿ ಕೃಷಿಯಿಂದ ಎಷ್ಟು ಗಳಿಸಿಕೊಡಬಲ್ಲದು ಎಂಬ ಲೆಕ್ಕದ ಮೇಲೆ ಮೌಲ್ಯ ಕಟ್ಟುತ್ತಾರೆ. ಡಲ್ಲಾಸ್, ಆಸ್ಟಿನ್‌ಗಳ ಹೊರವಲಯದಲ್ಲಿ ಈ ಎರಡು ಲೆಕ್ಕಗಳ ನಡುವಿನ ಅಂತರ ಅಜಗಜಾಂತರ.

ಇನ್ನು ಮಾರಾಟ ತೆರಿಗೆ. ಟೆಕ್ಸಾಸ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ 6.25 ಶೇಕಡಾ, ಅದರ ಮೇಲೆ ಸ್ಥಳೀಯ ಸಂಸ್ಥೆಗಳು ಗರಿಷ್ಠ 2 ಶೇಕಡಾ ಸೇರಿಸಬಹುದು. ಹೊಲಮನೆಯ ಪಶುಗಳಿಗೆ ಹಾಕುವ ಆಹಾರಕ್ಕೆ ಈ ತೆರಿಗೆಯೂ ಇಲ್ಲ. ಒಣಹುಲ್ಲು, ಓಟ್ಸ್, ಕೋಳಿಕಾಳು ಇವುಗಳನ್ನು ಕೊಳ್ಳುವಾಗ ಬಿಲ್ಲಿನಲ್ಲಿ ತೆರಿಗೆಯ ಸಾಲು ಇರುವುದಿಲ್ಲ. ನಾಯಿ, ಬೆಕ್ಕಿನ ಆಹಾರಕ್ಕೆ ಇರುತ್ತದೆ.

ಹಾಗಾದರೆ ಆ ಬಿರುಕು ಎಲ್ಲಿತ್ತು?

ಒಂದೇ ಸರಕಿನ ಪ್ರಯಾಣವನ್ನು ಗಮನಿಸಿ. ಜೋಳ ಬೆಳೆದ ರೈತನ ಕಣಜದಲ್ಲಿದ್ದಾಗ ಅದಕ್ಕೆ ಆಸ್ತಿ ತೆರಿಗೆ ಇಲ್ಲ. ಅದು ಪಶು ಆಹಾರವಾಗಿ ದನ ಸಾಕುವವನ ಕೊಟ್ಟಿಗೆ ಸೇರಿದ ಮೇಲೂ ಇಲ್ಲ. ಮಾರುವ ಗಳಿಗೆಯಲ್ಲಿ ಮಾರಾಟ ತೆರಿಗೆಯೂ ಇಲ್ಲ. ನಡುವೆ ಅಂಗಡಿಯಲ್ಲಿ ಗಿರಾಕಿಗಾಗಿ ಕಾಯುತ್ತಿರುವಾಗ ಜನವರಿ 1 ಬಂದರೆ ಮಾತ್ರ ಪೂರ್ಣ ಮೌಲ್ಯದ ಮೇಲೆ ತೆರಿಗೆ. ಕೃಷಿಯ ಒಳಸುರಿಗಳಿಗೆ ತೆರಿಗೆ ಬೇಡ ಎಂಬುದು ರಾಜ್ಯದ ನೀತಿಯಾಗಿದ್ದರೆ, ಆ ಒಳಸುರಿ ಎರಡು ರಾತ್ರಿ ಯಾರ ಚಾವಣಿಯ ಕೆಳಗಿತ್ತು ಎಂಬುದರ ಮೇಲೆ ನೀತಿ ಬದಲಾಗಬಾರದು ಎಂಬುದು ಬೆಂಬಲಿಗರ ವಾದ. ಅಮೆರಿಕದ ರಾಜ್ಯಗಳಲ್ಲೆಲ್ಲ ಅತಿ ಹೆಚ್ಚು ದನಗಳಿರುವುದು ಟೆಕ್ಸಾಸ್‌ನಲ್ಲಿ ಎಂಬುದನ್ನು ನೆನೆದರೆ ಈ ವಾದಕ್ಕೆ ಅಲ್ಲಿ ಕಿವಿಗಳು ಸಿಕ್ಕಿದ್ದು ಆಶ್ಚರ್ಯವಲ್ಲ. ತರ್ಕದ ಮಟ್ಟಿಗೆ ಇದು ಗಟ್ಟಿಯಾದ ವಾದವೇ. ಹಣದ ಮಟ್ಟಿಗೆ ಎಷ್ಟು ಗಟ್ಟಿ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಮುಂದೆ ಉತ್ತರವಿದೆ.

ಬೀಜ, ಗೊಬ್ಬರ, ಕೀಟನಾಶಕಗಳಿಗೂ ಈ ವಿನಾಯಿತಿ ಅನ್ವಯಿಸುತ್ತದೆಯೇ?

ಇಲ್ಲ. ತಿದ್ದುಪಡಿಯ ಮಾತುಗಳು ಪಶು ಆಹಾರಕ್ಕಷ್ಟೇ ಸೀಮಿತ. ಬೇಲಿಯ ತಂತಿ, ಔಷಧ, ಬೀಜ, ರಸಗೊಬ್ಬರ ಅದೇ ಅಂಗಡಿಯಲ್ಲಿದ್ದರೂ ಹಳೆಯ ನಿಯಮದಂತೆ ದಾಸ್ತಾನು ಎಂದೇ ಪರಿಗಣಿಸಲಾಗುತ್ತದೆ. ಚಿಲ್ಲರೆ ಮಾರಾಟಕ್ಕೆಂದು ಇಟ್ಟದ್ದು ಎಂಬ ಮಾತೂ ಮುಖ್ಯ. ಸಗಟು ವ್ಯಾಪಾರಿಗೆ ಮಾರಲು ಗಿರಣಿಯವರು ತುಂಬಿಟ್ಟ ದಾಸ್ತಾನು ಈ ಮಾತಿನೊಳಗೆ ಬರುವುದಿಲ್ಲ. ಬಿರುಕು ಮುಚ್ಚುವುದೇ ಉದ್ದೇಶವಾಗಿದ್ದರೆ ಒಂದೇ ಸರಕಿಗೆ, ಅದೂ ಮಾರಾಟದ ಒಂದೇ ಹಂತದಲ್ಲಿ ಮುಚ್ಚಿದ್ದೇಕೆ ಎಂದು ಕೇಳಬಹುದು. ಮೂರನೇ ಎರಡರ ಬಹುಮತ ಗಳಿಸಬೇಕಾದ ಪ್ರಸ್ತಾವಗಳು ಸಾಮಾನ್ಯವಾಗಿ ಸಣ್ಣದಾಗಿಯೇ ಇರುತ್ತವೆ.

ಒಂದು ಅಂಗಡಿಗೆ ಇದರಿಂದ ಎಷ್ಟು ಉಳಿತಾಯ?

ಇದಕ್ಕೆ ಉತ್ತರಿಸಲು ಅದೇ ದಿನ ಅಂಗೀಕಾರವಾದ ಇನ್ನೊಂದು ಪ್ರಸ್ತಾವವನ್ನು ಜೊತೆಗಿಟ್ಟು ನೋಡಬೇಕು. ಒಂಬತ್ತನೇ ಪ್ರಸ್ತಾವದ ಮೂಲಕ ವ್ಯಾಪಾರದ ಚರ ಆಸ್ತಿಗಿದ್ದ 2,500 ಡಾಲರಿನ ವಿನಾಯಿತಿ ಮಿತಿ ಒಂದೇ ಏಟಿಗೆ 1,25,000 ಡಾಲರಿಗೆ ಏರಿತು. ಯಾವ ಸರಕೆಂಬ ಭೇದ ಅದಕ್ಕಿಲ್ಲ. ಎರಡನ್ನೂ ಕೂಡಿಸಿ ಒಂದು ಕಾಲ್ಪನಿಕ ಲೆಕ್ಕ ಮಾಡೋಣ.

ಅಂಗಡಿಯೊಂದರಲ್ಲಿ 2,00,000 ಡಾಲರಿನ ಪಶು ಆಹಾರ, 1,00,000 ಡಾಲರಿನ ಬೇರೆ ಸರಕು ಇದೆ. ಎಲ್ಲ ಸ್ಥಳೀಯ ಸಂಸ್ಥೆಗಳ ದರ ಕೂಡಿ ನೂರು ಡಾಲರಿಗೆ 2 ಡಾಲರ್ ಎಂದಿಟ್ಟುಕೊಳ್ಳಿ. ಹಳೆಯ ನಿಯಮದಲ್ಲಿ ಮೌಲ್ಯ 2,500 ಡಾಲರ್ ದಾಟಿದರೆ ವಿನಾಯಿತಿಯೇ ಇರಲಿಲ್ಲವಾದ್ದರಿಂದ ಪೂರ್ಣ 3,00,000ದ ಮೇಲೆ 6,000 ಡಾಲರ್ ತೆರಿಗೆ. ಒಂಬತ್ತನೇ ಪ್ರಸ್ತಾವ ಮಾತ್ರ ಇದ್ದಿದ್ದರೆ ತೆರಿಗೆ 1,75,000ದ ಮೇಲೆ 3,500 ಡಾಲರ್ ಆಗುತ್ತಿತ್ತು. ಐದನೆಯದು ಮಾತ್ರ ಇದ್ದಿದ್ದರೆ 1,00,000ದ ಮೇಲೆ 2,000 ಡಾಲರ್. ಎರಡನ್ನೂ ಒಂದರ ಮೇಲೊಂದು ಅನ್ವಯಿಸಿದರೆ ಪಶು ಆಹಾರವೂ ಹೋಗಿ, ಉಳಿದ ಸರಕೂ ಮಿತಿಯೊಳಗೆ ಬಂದು, ತೆರಿಗೆಯೇ ಇಲ್ಲವಾಗುತ್ತದೆ.

ಈಗ ಅಂಗಡಿ ಚಿಕ್ಕದು, ಎಲ್ಲ ಸೇರಿ 1,00,000 ಡಾಲರಿನ ದಾಸ್ತಾನು ಎನ್ನಿ. ಅದಕ್ಕೆ ಒಂಬತ್ತನೇ ಪ್ರಸ್ತಾವವೇ ಸಾಕು. ಐದನೆಯದರಿಂದ ಒಂದು ಸೆಂಟಿನ ಹೆಚ್ಚುವರಿ ಲಾಭವೂ ಇಲ್ಲ. ಹಳ್ಳಿಯ ಪುಟ್ಟ ಅಂಗಡಿಗೆಂದು ಸಮರ್ಥಿಸಬಹುದಾಗಿದ್ದ ವಿನಾಯಿತಿಯ ನಿಜವಾದ ಹೆಚ್ಚುವರಿ ಪ್ರಯೋಜನ ಹೀಗೆ ದೊಡ್ಡ ದಾಸ್ತಾನು ಇಡುವ ದೊಡ್ಡ ಮಾರಾಟಗಾರರ ಕಡೆಗೆ ವಾಲುತ್ತದೆ. ಎರಡು ಪ್ರಸ್ತಾವಗಳನ್ನು ಬೇರೆ ಬೇರೆಯಾಗಿ ಓದಿದ ಮತದಾರನಿಗೆ ಇದು ಕಾಣುವಂತಿರಲಿಲ್ಲ.

ದನ ಸಾಕುವವರಿಗೆ ಹಿಂಡಿಯ ಬೆಲೆ ಇಳಿಯುತ್ತದೆಯೇ?

ಇಳಿದರೂ ಕಣ್ಣಿಗೆ ಕಾಣುವಷ್ಟು ಇಳಿಯಲಾರದು. ತೆರಿಗೆ ಬೀಳುವುದು ಒಂದು ದಿನದ ದಾಸ್ತಾನಿನ ಮೇಲೆ, ವರ್ಷದ ಒಟ್ಟು ಮಾರಾಟದ ಮೇಲಲ್ಲ. ಮೇಲಿನ ಉದಾಹರಣೆಯಲ್ಲಿ 2,00,000 ಡಾಲರಿನ ಪಶು ಆಹಾರಕ್ಕೆ ತೆರಿಗೆ 4,000 ಡಾಲರ್. ಆ ದಾಸ್ತಾನು ವರ್ಷಕ್ಕೆ ಹತ್ತು ಬಾರಿ ಖಾಲಿಯಾಗಿ ತುಂಬುತ್ತದೆ ಎಂದುಕೊಂಡರೆ ವರ್ಷದ ಮಾರಾಟ 20 ಲಕ್ಷ ಡಾಲರಿನ ಆಸುಪಾಸು. 4,000 ಅದರಲ್ಲಿ 0.2 ಶೇಕಡಾ. ಅಂಗಡಿಯವನು ಉಳಿತಾಯವನ್ನೆಲ್ಲ ಗಿರಾಕಿಗೇ ಬಿಟ್ಟುಕೊಟ್ಟರೂ 20 ಡಾಲರಿನ ಚೀಲದ ಬೆಲೆಯಲ್ಲಿ 4 ಸೆಂಟ್ ಕಡಿಮೆಯಾಗುತ್ತದೆ. ಮಳೆ ಕೈಕೊಟ್ಟ ವರ್ಷ, ಜೋಳದ ಧಾರಣೆ, ಸಾಗಣೆಯ ಡೀಸೆಲ್ ಇವುಗಳಿಂದ ಆಗುವ ಏರಿಳಿತದ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. 2011ರ ಭೀಕರ ಬರದಲ್ಲಿ ಮೇವಿಲ್ಲದೆ ಟೆಕ್ಸಾಸ್‌ನ ಎಷ್ಟೋ ಮಂದಿ ದನಗಳನ್ನೇ ಮಾರಬೇಕಾಗಿ ಬಂದಿತ್ತು. ಅಂಥ ಕಷ್ಟಕ್ಕೆ ದಾಸ್ತಾನು ತೆರಿಗೆಯ ವಿನಾಯಿತಿ ಮದ್ದಲ್ಲ.

ವ್ಯಾಪಾರಿಯ ದೃಷ್ಟಿಯಿಂದ ನೋಡಿದರೆ ಮಾತು ಬೇರೆ. ಚಳಿಗಾಲಕ್ಕೆ ಎಷ್ಟು ಸರಕು ತುಂಬಿಸಬೇಕೆಂದು ನಿರ್ಧರಿಸುವಾಗ ಡಿಸೆಂಬರಿನಲ್ಲಿ ಕೈ ಹಿಡಿಯುತ್ತಿದ್ದ ಒಂದು ಕಾರಣ ಇಲ್ಲವಾಗಿದೆ. ಹಿಮ ಬಿದ್ದು ರಸ್ತೆ ಮುಚ್ಚಿದ ದಿನ ಅಂಗಡಿಯಲ್ಲಿ ಹಿಂಡಿ ಇರುವುದು ನಾಲ್ಕು ಸೆಂಟಿಗಿಂತ ಹೆಚ್ಚಿನ ಬೆಲೆಯದು.

ಸ್ಥಳೀಯ ಸಂಸ್ಥೆಗಳ ಖೋತಾವನ್ನು ಉಳಿದವರು ತುಂಬಬೇಕೇ?

ತಾನಾಗಿಯೇ ಅಲ್ಲ. ಸ್ಥಳೀಯ ಸಂಸ್ಥೆಗಳು ಪ್ರತಿ ವರ್ಷ, ಹಿಂದಿನ ವರ್ಷದಷ್ಟೇ ಆದಾಯ ತರುವ ದರ ಯಾವುದು ಎಂದು ಲೆಕ್ಕ ಹಾಕಿ ಪ್ರಕಟಿಸಬೇಕು. ಹೊಸದಾಗಿ ವಿನಾಯಿತಿಗೆ ಒಳಗಾದ ಆಸ್ತಿಯಿಂದ ಬರುತ್ತಿದ್ದ ಪಾಲನ್ನು ಈ ಲೆಕ್ಕದಲ್ಲಿ ಹಿಂದಿನ ವರ್ಷದ ಆದಾಯದಿಂದ ಮೊದಲೇ ಕಳೆಯುತ್ತಾರೆ. ಹೀಗಾಗಿ ಖೋತಾ ತುಂಬಿಕೊಳ್ಳಬೇಕೆಂದರೆ ಆಡಳಿತ ಬಹಿರಂಗವಾಗಿಯೇ ದರ ಏರಿಸಬೇಕು. 2019ರ ಕಾಯ್ದೆಯ ಪ್ರಕಾರ ಕೌಂಟಿಗಳು ಮತ್ತು ದೊಡ್ಡ ನಗರಗಳು ಹಳೆಯ ಆಸ್ತಿಗಳಿಂದ ಬರುವ ನಿರ್ವಹಣಾ ಆದಾಯವನ್ನು 3.5 ಶೇಕಡಾಕ್ಕಿಂತ ಹೆಚ್ಚಿಸಬೇಕಾದರೆ ಮತದಾರರ ಬಳಿ ಹೋಗಬೇಕು. ಶಾಲಾ ಜಿಲ್ಲೆಗಳ ವಿಷಯದಲ್ಲಿ, ಸ್ಥಳೀಯ ತೆರಿಗೆಯ ಬುನಾದಿ ಕುಗ್ಗಿದಂತೆ ರಾಜ್ಯದ ನೆರವು ಹೆಚ್ಚುವ ಸೂತ್ರವಿರುವುದರಿಂದ ಹೊರೆಯ ಒಂದು ಭಾಗ ರಾಜ್ಯದ ಬೊಕ್ಕಸಕ್ಕೇ ಮರಳುತ್ತದೆ.

ಮಹಾನಗರದ ಕೌಂಟಿಗೆ ಈ ಮೊತ್ತ ಹುಡುಕಿದರೂ ಕಾಣದಷ್ಟು ಸಣ್ಣದು. ಕೆಲವೇ ಸಾವಿರ ಜನರಿದ್ದು, ಮುಖ್ಯ ರಸ್ತೆಯ ದೊಡ್ಡ ವ್ಯಾಪಾರವೇ ಪಶು ಆಹಾರದ ಅಂಗಡಿಯಾಗಿರುವ ಕೌಂಟಿಯಲ್ಲಿ ಮಾತ್ರ ಅದು ತಟ್ಟಬಹುದು. ಆ ಅಂಗಡಿಯ ಗಿರಾಕಿಗಳೂ ಅದೇ ಕೌಂಟಿಯ ತೆರಿಗೆದಾರರೇ ಎಂಬುದನ್ನು ಮರೆಯಬಾರದು.

ವಿರೋಧಿಸುವವರ ವಾದವೇನು?

ಒಂದೊಂದು ಉದ್ಯಮಕ್ಕೆ ಒಂದೊಂದು ಕಿಂಡಿ ಕೊರೆಯುತ್ತ ಹೋದರೆ ತೆರಿಗೆಯ ಬುನಾದಿ ಸವೆಯುತ್ತದೆ, ಕಿಂಡಿ ಕೊರೆಸಿಕೊಳ್ಳಲಾಗದವರ ಮೇಲೆ ಭಾರ ಉಳಿಯುತ್ತದೆ ಎಂಬುದು ಮುಖ್ಯ ವಾದ. ದಾಸ್ತಾನು ತೆರಿಗೆ ಕೆಟ್ಟದ್ದಾದರೆ ಎಲ್ಲರಿಗೂ ತೆಗೆಯಿರಿ, ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅದು ಇಲ್ಲವೇ ಇಲ್ಲ ಎಂಬುದು ಇನ್ನೊಂದು ಕಡೆಯಿಂದ ಬರುವ ವಾದ. ಟೆಕ್ಸಾಸ್ ಈ ಹಿಂದೆಯೂ ಕಿಂಡಿಯ ದಾರಿಯನ್ನೇ ಹಿಡಿದಿದೆ. ರಾಜ್ಯಕ್ಕೆ ಬಂದು 175 ದಿನಗಳೊಳಗೆ ಹೊರಗೆ ಹೋಗುವ ಸರಕಿಗೆ 1989ರಲ್ಲಿ ಕೊಟ್ಟ ವಿನಾಯಿತಿ ಅಂಥದ್ದೇ. ಈ ಲೇಖಕರಿಗೆ ಎರಡನೇ ವಾದ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಒಂಬತ್ತನೇ ಪ್ರಸ್ತಾವ ಸರಕು ಯಾವುದೆಂದು ನೋಡದೆ ಮಾಡಿದ ಕೆಲಸವನ್ನೇ ಐದನೆಯದು ಒಂದು ಸರಕಿಗಾಗಿ ಮತ್ತೆ ಮಾಡಿದೆ.

ಮನೆ ಮಾತ್ರ ಇರುವ ಕನ್ನಡಿಗರಿಗೆ ಇದರಿಂದ ಏನಾದರೂ ಆಗುತ್ತದೆಯೇ?

ನೇರವಾಗಿ ಏನೂ ಇಲ್ಲ. ಮನೆ ಮಾಲೀಕರಿಗೆ ತಟ್ಟುವುದು ಅದೇ ದಿನದ ಹದಿಮೂರನೇ ಪ್ರಸ್ತಾವ. ವಾಸದ ಮನೆಗೆ ಶಾಲಾ ತೆರಿಗೆಯಲ್ಲಿ ಸಿಗುತ್ತಿದ್ದ ವಿನಾಯಿತಿಯನ್ನು ಅದು 1,00,000 ಡಾಲರಿನಿಂದ 1,40,000ಕ್ಕೆ ಏರಿಸಿತು. 65 ದಾಟಿದ ಹಿರಿಯರಿಗೆ ಮತ್ತು ಅಂಗವಿಕಲರಿಗೆ ಹೆಚ್ಚುವರಿಯಾಗಿ ಇದ್ದ 10,000ವನ್ನು 60,000ಕ್ಕೆ ಏರಿಸಿದ್ದು ಹನ್ನೊಂದನೆಯದು. ಎಚ್1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಇರುವವರು ಈ ತೆರಿಗೆಗಳನ್ನೆಲ್ಲ ಕಟ್ಟುತ್ತಾರಾದರೂ ಇಂಥ ಮತದಾನದಲ್ಲಿ ಅವರಿಗೆ ಪಾಲಿಲ್ಲ; ಮತ ಹಾಕುವ ಹಕ್ಕು ನಾಗರಿಕರಿಗೆ ಮಾತ್ರ.

ಊರ ಹೊರಗೆ ಕೆಲವು ಎಕರೆ ಕೊಂಡು ಜೇನುಪೆಟ್ಟಿಗೆ ಇಟ್ಟು ಕೃಷಿ ಮೌಲ್ಯಮಾಪನ ಪಡೆಯುವ ಯೋಚನೆಯಲ್ಲಿರುವವರು ಅದನ್ನು ಇದರೊಡನೆ ಬೆರೆಸಿಕೊಳ್ಳಬಾರದು. ಅದು 5ರಿಂದ 20 ಎಕರೆ ಜಮೀನಿಗೆ ಅನ್ವಯಿಸುವ ಬೇರೆ ನಿಯಮ; ಸಾಮಾನ್ಯವಾಗಿ ಹಿಂದಿನ ಏಳು ವರ್ಷಗಳಲ್ಲಿ ಐದು ವರ್ಷ ಕೃಷಿ ಬಳಕೆ ಆಗಿರಬೇಕು. ಮುಂದೆ ಅಲ್ಲಿ ಮನೆ ಕಟ್ಟಿ ಬಳಕೆ ಬದಲಿಸಿದರೆ ಹಿಂದಿನ ಮೂರು ವರ್ಷಗಳ ವ್ಯತ್ಯಾಸದ ತೆರಿಗೆ ಕಟ್ಟಬೇಕಾಗುತ್ತದೆ.

ಪಶು ಆಹಾರದ ಅಂಗಡಿ ಇರುವವರು ಏನು ಮಾಡಬೇಕು?

ಜನವರಿ 1ರ ದಾಸ್ತಾನಿನಲ್ಲಿ ಪಶು ಆಹಾರ ಎಷ್ಟು, ಉಳಿದ ಸರಕು ಎಷ್ಟು ಎಂದು ಬೇರ್ಪಡಿಸಿದ ಲೆಕ್ಕ ಇಟ್ಟುಕೊಳ್ಳುವುದು ಮೊದಲ ಕೆಲಸ. ವ್ಯಾಪಾರದ ಚರ ಆಸ್ತಿಯ ವಿವರಣಾ ಪಟ್ಟಿಯನ್ನು ಕೌಂಟಿಯ ಮೌಲ್ಯಮಾಪನ ಕಚೇರಿಗೆ ಸಲ್ಲಿಸಲು ಸಾಮಾನ್ಯ ಗಡುವು ಏಪ್ರಿಲ್ 15.

ಕರ್ನಾಟಕದಲ್ಲಿ ಇಂಥ ತೆರಿಗೆ ಇದೆಯೇ?

ಇಲ್ಲ. ಭಾರತ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 49ನೇ ನಮೂದು ರಾಜ್ಯಗಳಿಗೆ ಕೊಟ್ಟಿರುವುದು ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆಯ ಅಧಿಕಾರ. ಹಾಸನದಲ್ಲೋ ಮಂಡ್ಯದಲ್ಲೋ ಹಿಂಡಿ, ಬೂಸಾ ಮಾರುವ ಅಂಗಡಿಯವರು ಮಳಿಗೆಗೆ ಆಸ್ತಿ ತೆರಿಗೆ ಕಟ್ಟುತ್ತಾರೆ, ಒಳಗಿರುವ ಮೂಟೆಗಳಿಗಲ್ಲ. ಸರಕಿನ ಮೇಲಿನ ತೆರಿಗೆ ಬರುವುದು ಜಿಎಸ್‌ಟಿಯ ರೂಪದಲ್ಲಿ. ಅಲ್ಲಿಯೂ ದನ ಮತ್ತು ಕೋಳಿಗಳ ಆಹಾರಕ್ಕೆ ತೆರಿಗೆ ಶೂನ್ಯ, ಚಿಲ್ಲರೆ ಮಾರಾಟದ ನಾಯಿ ಮತ್ತು ಬೆಕ್ಕಿನ ಆಹಾರಕ್ಕೆ 18 ಶೇಕಡಾ. ಹಾಲು ಕೊಡುವ ದನಕ್ಕೂ ಮುದ್ದಿನ ನಾಯಿಗೂ ಗೆರೆ ಎಳೆಯುವುದರಲ್ಲಿ ಬೆಂಗಳೂರು ಮತ್ತು ಆಸ್ಟಿನ್ ಒಂದೇ ಮನಸ್ಸಿನವು.

ಬೇರೆ ರಾಜ್ಯಗಳಲ್ಲಿ ಇಂಥ ಪ್ರಸ್ತಾವಗಳು ಬಂದಿವೆಯೇ?

2022ರಲ್ಲಿ ಜಾರ್ಜಿಯಾದ ಮತದಾರರು ಕೃಷಿ ಸಲಕರಣೆ ಮತ್ತು ಕೆಲವು ಉತ್ಪನ್ನಗಳಿಗಿದ್ದ ಆಸ್ತಿ ತೆರಿಗೆ ವಿನಾಯಿತಿಯನ್ನು, ಒಂದುಗೂಡಿದ ಕುಟುಂಬ ಫಾರ್ಮ್‌ಗಳಿಗೂ ಹೈನು ಉತ್ಪನ್ನ ಮತ್ತು ಮೊಟ್ಟೆಗಳಿಗೂ ವಿಸ್ತರಿಸಲು ಒಪ್ಪಿದರು. ಅದೇ ವರ್ಷ ವೆಸ್ಟ್ ವರ್ಜೀನಿಯಾದಲ್ಲಿ ವ್ಯಾಪಾರದ ಯಂತ್ರ, ದಾಸ್ತಾನು ಮತ್ತು ವಾಹನಗಳನ್ನು ತೆರಿಗೆಯಿಂದ ಬಿಡಲು ಶಾಸಕಾಂಗಕ್ಕೆ ಅಧಿಕಾರ ಕೊಡುವ ಪ್ರಸ್ತಾವ ಸೋತಿತು. ಫ್ಲಾರಿಡಾದ ಶಾಸಕಾಂಗ, ಕೃಷಿ ಭೂಮಿಯಲ್ಲಿದ್ದು ಉತ್ಪಾದನೆಗೆ ಅಥವಾ ಕೃಷಿ ಪ್ರವಾಸೋದ್ಯಮಕ್ಕೆ ಬಳಕೆಯಾಗುವ ಚರ ಆಸ್ತಿಗೆ ವಿನಾಯಿತಿ ಕೊಡುವ ತಿದ್ದುಪಡಿಯನ್ನು 2026ರ ನವೆಂಬರ್ ಚುನಾವಣೆಯಲ್ಲಿ ಮತದಾರರ ಮುಂದಿಡಲು 2025ರಲ್ಲಿ ನಿರ್ಧರಿಸಿತು. ಅಲ್ಲಿ ಸರಳ ಬಹುಮತ ಸಾಲದು, 60 ಶೇಕಡಾ ಮತ ಬೇಕು.

ಟೆಕ್ಸಾಸ್‌ನ ಈ ವಿನಾಯಿತಿಯನ್ನು ಮುಂದೆ ಹಿಂತೆಗೆದುಕೊಳ್ಳಬಹುದೇ?

ಹಿಂತೆಗೆದುಕೊಳ್ಳಬಹುದು, ಮತ್ತು ಕೊಟ್ಟದ್ದಕ್ಕಿಂತ ಸುಲಭವಾಗಿ. ಸಂವಿಧಾನ ಈಗ ಅನುಮತಿ ಕೊಟ್ಟಿದೆ, ಕಡ್ಡಾಯ ಮಾಡಿಲ್ಲ. ವಿನಾಯಿತಿ ನಿಂತಿರುವುದು ಸಾಮಾನ್ಯ ಕಾಯ್ದೆಯ ಮೇಲೆ. ಮುಂದಿನ ಯಾವುದೇ ಶಾಸಕಾಂಗ ಸರಳ ಬಹುಮತದಿಂದ, ರಾಜ್ಯಪಾಲರ ಒಪ್ಪಿಗೆಯೊಂದಿಗೆ, ಆ ಕಾಯ್ದೆಯನ್ನು ತಿದ್ದಬಹುದು ಅಥವಾ ರದ್ದು ಮಾಡಬಹುದು. ಅದಕ್ಕೆ ಮತ್ತೆ ಮತದಾರರನ್ನು ಕೇಳಬೇಕಾಗಿಲ್ಲ.